ಮೂವತ್ತು ಹೆಬ್ಬೆಟ್ಟು

ಜನವರಿ 5, 1987

ಅಂತಿಮ ಬಿ.ಎ. ಮನಶ್ಶಾಸ್ತ್ರದವರ ಪ್ರಾಜೆಕ್ಟ್ ನಿಯಮಗಳನ್ನು ಇವತ್ತು ನೋಟೀಸ್ ಬೋರ್ಡಿಗೆ ಅಂಟಿಸಿದೆ. ಮೂವತ್ತು ಜನರನ್ನು ಪ್ರಶ್ನಿಸಬೇಕು. ಒಬ್ಬೊಬ್ಬರನ್ನೂ ಬೇರೆಯಾಗಿ ಕೂರಿಸಿಕೊಂಡು, ಇನ್ನೊಬ್ಬರ ಕಿವಿಗೆ ಬೀಳದಂತೆ ಕೇಳಬೇಕು. ಪ್ರತಿ ಹಾಳೆಗೂ ಸಹಿ ಇಲ್ಲವೇ ಹೆಬ್ಬೆಟ್ಟು ಹಾಕಿಸಬೇಕು. ಟೈಪ್ ಮಾಡಿಸಿ, ಬೈಂಡ್ ಹಾಕಿಸಿ, ಮಾರ್ಗದರ್ಶಕನಾದ ನನ್ನ ಸಹಿ ಪಡೆದು ಒಪ್ಪಿಸಬೇಕು. ಏಪ್ರಿಲಿನಲ್ಲಿ ಬೆಂಗಳೂರಿನಿಂದ ಪರೀಕ್ಷಕರು ಬಂದು ಬಾಯಿಮಾತಿನ ಪರೀಕ್ಷೆ ನಡೆಸುತ್ತಾರೆ. ಪ್ರಾಜೆಕ್ಟಿನಲ್ಲಿ ಫೇಲಾದವರಿಗೆ ಡಿಗ್ರಿ ಇಲ್ಲ.

ಇದನ್ನು ಓದಿ ಮಾಯಣ್ಣ ಎನ್ನುವ ಮಹಾಮೇಧಾವಿ ಕೇಳಿದ ಪ್ರಶ್ನೆ: "ಮೂವತ್ತು ಜನ ಯಾಕೆ ಸಾರ್? ಒಬ್ಬನ್ನೇ ಮೂವತ್ತು ಸಲ ಕೇಳಿದ್ರಾಗಕಿಲ್ವಾ?" ಇವನಪ್ಪ ಈ ಬೆಳೆಯ ಗೂಡು ಮಾರಿ ಇವನಿಗೆ ಹೊಸ ಯೆಜ್ಡಿ ಬೈಕು ಕೊಡಿಸಿದ್ದಾನೆ. ರೇಷ್ಮೆ ಗೂಡಿನ ರೇಟು ಏರಿದಷ್ಟೂ ಈ ಸೀಮೆಯ ಹುಡುಗರ ತಲೆ ಇಳಿಯುತ್ತಿದೆ.

ನಾನಿರುವ ಮಹಡಿಯ ಕೆಳಗೆ ಮನೆಯ ಮಾಲೀಕರಾದ ಫಕ್ರುದ್ದೀನ್ ಸಾಹೇಬರು ಗೂಡು ಬೇಯಿಸಿ ನೂಲು ತೆಗೆಸುತ್ತಾರೆ. ಸತ್ತ ಹುಳದ ವಾಸನೆ ಅನ್ನದ ತಟ್ಟೆಯವರೆಗೂ ಬರುತ್ತದೆ. ದೂರು ಹೇಳಿದರೆ, "ಅದು ವಾಸ್ನೆ ಅಲ್ಲ ಮೇಷ್ಟ್ರೆ, ಬರ್ಕತ್ತು, ಏಳಿಗೆ" ಎಂದು ನಗುತ್ತಾರೆ. ರೇಷ್ಮೆ ಉಡುವವರು ಎಲ್ಲೋ ಇದ್ದಾರೆ. ನಾತ ಕುಡಿಯಲು ರಾಮನಗರಕ್ಕೆ ಮೈಸೂರಿನಿಂದ ನನ್ನನ್ನು ಹಾಕಿದ್ದಾರೆ. ಮೂರು ವರ್ಷವಾಯಿತು. ಈ ಸಲವಾದರೂ ವರ್ಗ ಸಿಗಬೇಕು.

ಜನವರಿ 9

ವಿಷಯ ಹಂಚಿಕೆ ಮುಗಿಯಿತು. ಯಾರಿಗೂ ಸ್ವಂತ ವಿಷಯವಿಲ್ಲ. ಕೊಟ್ಟದ್ದನ್ನು ಪ್ರಸಾದದ ಹಾಗೆ ಎರಡು ಕೈಯಲ್ಲಿ ತೆಗೆದುಕೊಂಡು ಹೋದರು.

ಮರಳವಾಡಿಯ ಶಿವಲಿಂಗಮ್ಮ ಮಾತ್ರ ಬಾಗಿಲ ಬಳಿಯೇ ನಿಂತಿದ್ದಳು. ಹಾಸ್ಟೆಲಿನಲ್ಲಿದ್ದು ಓದುವ ಹುಡುಗಿ. ಬಾಯಿ ಬಿಟ್ಟರೆ ಮುತ್ತು ಉದುರುತ್ತದೆಂಬ ಹೆದರಿಕೆಯೋ ಏನೋ, ಮೂರು ವರ್ಷದಲ್ಲಿ ತರಗತಿಯಲ್ಲಿ ಒಂದು ಪ್ರಶ್ನೆ ಕೇಳಿದವಳಲ್ಲ. ಅವಳಿಗೆ 'ರೇಷ್ಮೆ ಸಾಕುವ ಹೆಂಗಸರಲ್ಲಿ ಆತಂಕ' ಎಂಬ ವಿಷಯ ಕೊಟ್ಟೆ. ಪ್ರಶ್ನಾವಳಿಯೂ ನನ್ನದೇ. ಎಂ.ಎ.ಯಲ್ಲಿ ಮೈಸೂರಿನ ಗುಮಾಸ್ತರಿಗಾಗಿ ಮಾಡಿದ್ದು. ಗುಮಾಸ್ತರಿಗೆ ಸರಿಹೋದದ್ದು ಹುಳು ಸಾಕುವವರಿಗೆ ಹೆಚ್ಚೇ ಆಯಿತು.

"ಸಾರ್, ಇದ್ರಲ್ಲಿ ಫೇಲಾಗಲ್ಲ ತಾನೇ?" ಎಂದಳು. "ನಮ್ಮಪ್ಪ ಹೇಳ್ಬುಟ್ಟವ್ರೆ. ಈ ಸಲ ಪಾಸಾದ್ರೆ ಎಂ.ಎ.ಗೆ ಮೈಸೂರ್ಗೆ ಕಳಿಸ್ತಾರಂತೆ. ಇಲ್ಲಾಂದ್ರೆ ಹೊಸಾ ಹುಳುಮನೆ ನೋಡ್ಕಂಡು ಇರಬೇಕಂತೆ."

ಹುಳುಮನೆಯೇ ವಾಸಿ ಎಂದು ನಾಲಿಗೆಯ ತುದಿಯವರೆಗೆ ಬಂತು. ನುಂಗಿಕೊಂಡೆ.

ಜನವರಿ 28

ಬರೆಯುವಂಥದ್ದೇನಿಲ್ಲ. ಮೈಸೂರಿನಲ್ಲಿರುವ ಅಣ್ಣನ ಕಾಗದಕ್ಕೆ ಕಾದೆ. ಬಂದಿಲ್ಲ.

ಫೆಬ್ರುವರಿ 11

ಇವತ್ತು ಒಂದು ಕಳ್ಳಾಟ ಹಿಡಿದೆ.

ಶಿವಲಿಂಗಮ್ಮ ಮೂವತ್ತು ಹಾಳೆ ತಂದಳು. ಮೊದಲನೆಯದನ್ನು ನೋಡಿದೆ, ಎರಡನೆಯದನ್ನು ನೋಡಿದೆ, ಐದನೆಯದಕ್ಕೆ ಬರುವಷ್ಟರಲ್ಲಿ ಕನ್ನಡಕ ಒರೆಸಿಕೊಂಡೆ. ಎಲ್ಲವೂ ಒಂದೇ! ಒಬ್ಬಳು ಹೌದು ಎಂದ ಕಡೆ ಮೂವತ್ತು ಜನವೂ ಹೌದು. ಒಬ್ಬಳು ಇಲ್ಲ ಎಂದ ಕಡೆ ಮೂವತ್ತು ಜನವೂ ಇಲ್ಲ. 'ಯಾರಿಗೂ ಕಾಣದಂತೆ ಅಳುವುದುಂಟೇ?' ಎಂಬ ಪ್ರಶ್ನೆಗೆ ನನ್ನ ಗುಮಾಸ್ತರಲ್ಲಿ ಇಬ್ಬರೋ ಮೂವರೋ ಹೌದು ಎಂದಿದ್ದರು. ಇಲ್ಲಿ ಮೂವತ್ತಕ್ಕೆ ಮೂವತ್ತೂ ಹೌದು! ಮಾಳಿಗೆ ಮನೆ ಕಟ್ಟಿಸಿ, ಕೊರಳಿಗೆ ಎರಡೆಳೆ ಸರ ಹಾಕಿಕೊಂಡ ಹೆಂಗಸರು ಊರಿಗೂರೇ ಕದ್ದು ಅಳುತ್ತಿದ್ದಾರಂತೆ.

ತರಗತಿಯ ಎದುರಿಗೇ ನಿಲ್ಲಿಸಿ ಕೇಳಿದೆ. "ಇದನ್ನು ಹಾಸ್ಟೆಲ್ ಮಂಚದ ಮೇಲೆ ಗೀಚಿದೆಯೋ, ಬಸ್ಸಿನಲ್ಲಿ ಗೀಚಿದೆಯೋ?"

"ಇಲ್ಲ ಸಾರ್. ಎಲ್ರುನೂ ಕೇಳಿದ್ದೀನಿ. ಎಲ್ರೂ ಹಿಂಗೇ ಹೇಳಿದ್ರು."

"ಮೂವತ್ತು ಜನಕ್ಕೂ ಒಂದೇ ಮನಸ್ಸೇ? ಹಾಗಾದರೆ ಮನಶ್ಶಾಸ್ತ್ರ ಯಾಕೆ ಬೇಕು, ಕುರಿಶಾಸ್ತ್ರ ಸಾಕು."

ಎಲ್ಲರೂ ನಕ್ಕರು. ಮಾಯಣ್ಣ ಬೆಂಚು ಬಡಿದು ನಕ್ಕ. ಅವಳು ಬಾಯಿ ತೆರೆದು, ಏನೋ ಹೇಳಹೊರಟು, ಮತ್ತೆ ಮುಚ್ಚಿಕೊಂಡಳು. ಹೇಳುವುದಕ್ಕೆ ಏನಿದ್ದೀತು? ಹಾಳೆಗಳನ್ನು ಮೇಜಿನ ಡ್ರಾಯರಿಗೆ ಎಸೆದು, ಬೇರೆ ಮಾಡಿಕೊಂಡು ಬಾ, ಇಲ್ಲದಿದ್ದರೆ ಸಹಿ ಇಲ್ಲ ಎಂದೆ.

ಫೆಬ್ರುವರಿ 27

ಬಡಿದರೆ ಬಂಡೆಯೂ ಮೂರ್ತಿಯಾಗುತ್ತದೆ. ಶಿವಲಿಂಗಮ್ಮ ಹೊಸ ಹಾಳೆಗಳನ್ನು ತಂದಿದ್ದಾಳೆ. ಎಂಥ ವೈವಿಧ್ಯ! ಕೆಲವರಿಗೆ ಆತಂಕ ಕಡಿಮೆ, ಕೆಲವರಿಗೆ ವಿಪರೀತ, ಬಹುತೇಕರು ನಡುವೆ. ಗ್ರಾಫ್ ಹಾಕಿದರೆ ಪಠ್ಯಪುಸ್ತಕದಲ್ಲಿ ಅಚ್ಚು ಹಾಕಿಸಬಹುದು. ಹೆಬ್ಬೆಟ್ಟುಗಳೂ ಒಂದು ದೊಡ್ಡದು, ಒಂದು ಚಿಕ್ಕದು, ಬಹಳ ಸಹಜವಾಗಿವೆ. ತರಗತಿಯಲ್ಲಿ ಎತ್ತಿ ತೋರಿಸಿ ಭೇಷ್ ಎಂದೆ. ಆ ಹುಡುಗಿ ನೆಲ ನೋಡುತ್ತಾ ನಿಂತಿದ್ದಳು. ಹೊಗಳಿಸಿಕೊಳ್ಳುವುದೂ ಒಂದು ವಿದ್ಯೆ. ಇವರಿಗೆ ಅದೂ ಬಾರದು.

ಇಷ್ಟು ಒಳ್ಳೆಯ ಸಾಮಗ್ರಿಯನ್ನು ಬಿ.ಎ. ಹುಡುಗಿಯ ಕೈಯಲ್ಲಿ ಹಾಳಾಗಲು ಬಿಡಬಾರದು. ಬೆಂಗಳೂರಿನ ವಿಚಾರ ಸಂಕಿರಣಕ್ಕೆ ನಾನೇ ಒಂದು ಪ್ರಬಂಧ ಬರೆಯುತ್ತೇನೆ. ಪ್ರಶ್ನಾವಳಿ ನನ್ನದು ತಾನೇ. ಕ್ಷೇತ್ರ ನೋಡಿದ್ದೇನೆ ಎಂದು ಒಂದು ಸಾಲು ಸೇರಿಸಿದರೆ ತೂಕ ಬರುತ್ತದೆ. ಒಮ್ಮೆ ಮರಳವಾಡಿಗೆ ಹೋಗಿಬರಬೇಕು.

ಮಾರ್ಚ್ 14

ಮರಳವಾಡಿಗೆ ಹೋಗಿದ್ದೆ. ಕನಕಪುರದವರೆಗೆ ನಿಂತುಕೊಂಡೇ ಹೋದೆ. ಬಸ್ಸಿನ ಸೀಟಿನ ಮೇಲೆಲ್ಲಾ ಗೂಡಿನ ಮೂಟೆಗಳು ಕೂತಿದ್ದವು. ಈ ಕಾಲದಲ್ಲಿ ಮನುಷ್ಯನಿಗಿಂತ ಮೂಟೆಗೆ ಮರ್ಯಾದೆ ಜಾಸ್ತಿ.

ಶಿವಲಿಂಗಮ್ಮನಿಗೆ ಹೇಳಿರಲಿಲ್ಲ. ಅವಳು ಹಾಸ್ಟೆಲಿನಲ್ಲಿದ್ದಳು. ಅವಳ ಅಪ್ಪ ಬೋರಲಿಂಗಯ್ಯ ಗೂಡಿನ ಮಾರುಕಟ್ಟೆಗೆ ಹೋಗಿದ್ದ. ಮನೆಯ ಯಜಮಾನಿಕೆಯೆಲ್ಲಾ ಅಜ್ಜಿ ಚಿಕ್ಕಲಕ್ಷ್ಮಮ್ಮನದು. ಮೊಮ್ಮಗಳ ಕಾಲೇಜಿನ ಮೇಷ್ಟ್ರು ಎಂದರೂ ಆ ಮುದುಕಿ ಹುಳುಮನೆಯ ಹೊಸಿಲು ದಾಟಲು ಬಿಡಲಿಲ್ಲ.

"ತಲೇಗೆ ವಾಸ್ನೆ ಎಣ್ಣೆ ಹಾಕಂಡವ್ರೆ, ಸಿಗರೇಟ್ ಬೇರೆ ಸೇದವ್ರೆ. ಒಳೀಕ್ ಬುಡಬ್ಯಾಡಿ ಕಣ್ರೇ, ಹುಳ ಕೊನೇ ಮೇವ್ನಾಗವೆ, ವಾಸ್ನೆಗೆ ಸತ್ತೋಯ್ತವೆ" ಎಂದು ಕೂಗಿ, ನನಗೆ ಕೈಕಾಲು ತೊಳೆಯಲು ಚೊಂಬು ಕೊಟ್ಟು ಜಗಲಿಯ ಮೇಲೆ ಕೂರಿಸಿದಳು. ಮನಶ್ಶಾಸ್ತ್ರದ ಉಪನ್ಯಾಸಕನನ್ನು ತಲೆಯೆಣ್ಣೆಯ ಕಾರಣಕ್ಕೆ ಹೊರಗೆ ಕೂರಿಸುವ ಊರು ಭೂಮಿಯ ಮೇಲೆ ಇದೊಂದೇ ಇರಬೇಕು.

ಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಹಾಕಿ ಮುಗಿಸಿ ಹೆಂಗಸರು ಜಗಲಿಗೆ ಬಂದರು. ಬೆಲ್ಲದ ಕಾಫಿ ಕೊಟ್ಟರು. ನಾನು ಪ್ರಶ್ನಾವಳಿ ತೆಗೆದು, ಒಬ್ಬೊಬ್ಬರೇ ಆ ಹುಲ್ಲಿನ ಮೆದೆಯ ಹತ್ತಿರ ಬನ್ನಿ ಎಂದೆ. ಒಬ್ಬರೂ ಅಲುಗಲಿಲ್ಲ. ನಗು ಸಿಡಿಯಿತು.

"ಅಲ್ಲ ಮೇಷ್ಟ್ರೆ," ಎಂದಳು ಚಿಕ್ಕಲಕ್ಷ್ಮಮ್ಮ, "ಗಂಡ್ಸು ಹೆಂಗ್ಸನ್ನ ಮೆದೆ ಮರೇಗ್ ಕರ್ದು, ನೀನು ಕದ್ದು ಅಳ್ತೀಯೇನವ್ವ ಅಂತ ಕೇಳಿದ್ರೆ ಊರು ಏನಂದಾತು?"

ಸರಿ, ಅಲ್ಲಿಯೇ ಕೇಳಿದೆ. ಮೊದಲನೆಯವಳು ಹೌದು ಎಂದಳು. ಉಳಿದವರು ಭಜನೆಗೆ ದನಿಗೂಡಿಸಿದಂತೆ ಹೌದು ಹೌದು ಎಂದರು. ನನ್ನ ಚೀಲದಲ್ಲಿದ್ದ ಎರಡನೆಯ ಹಾಳೆಗಳ ಪ್ರಕಾರ ಇವರಲ್ಲಿ ಮುಕ್ಕಾಲು ಪಾಲು ಇಲ್ಲ ಎಂದಿರಬೇಕು.

"ಶಿವಲಿಂಗಮ್ಮ ಎರಡನೇ ಸಲ ಬಂದಾಗ ಬೇರೆ ಹೇಳಿದ್ದಿರಂತಲ್ಲ?"

"ಎರಡ್ನೇ ಸಲ ಎಲ್ ಬಂದ್ಳು?" ಎಂದಳು ಚಿಕ್ಕಲಕ್ಷ್ಮಮ್ಮ. "ಒಂದ್ಸಲ ಬಂದ್ಳು, ಒಬ್ಬೊಬ್ರುನ್ನೇ ಹಟ್ಟಿ ಒಳಗೆ ಕೂರುಸ್ಕಂಡ್ಳು, ಕೇಳಿದ್ಳು. ನಾವು ಮೊದ್ಲೇ ಮಾತಾಡ್ಕಂಡಿದ್ವಿ. ಎಲ್ಲಾ ಒಂದೇ ಹೇಳುದ್ವಿ. ಪಾಸಾಯ್ತದಲ್ವಾ ನಮ್ ಹೆಣ್ಮಗ?"

ಕಾಫಿ ಲೋಟ ಕೆಳಗಿಟ್ಟೆ. ಮಾತಾಡಿಕೊಂಡಿರಿ ಎಂದರೆ ಏನರ್ಥ, ಪ್ರತಿಯೊಬ್ಬರೂ ಅವರವರ ಮನಸ್ಸಿನದನ್ನು ಹೇಳಬೇಕಲ್ಲವೇ ಎಂದು ಗದರಿದೆ. ಮುದುಕಿ ನನ್ನ ಮುಖ ನೋಡಿದಳು. ಆಮೇಲೆ ಸಾಲಿನ ತುದಿಯಲ್ಲಿ ಕೂತಿದ್ದ ಒಬ್ಬಳ ಕಡೆ ತಿರುಗಿ, "ದಾಸಿ, ಒಸಿ ಸೊಪ್ಪು ಕುಯ್ಕಂಬಾ ಹೋಗವ್ವ" ಎಂದಳು. ಅವಳು ಕುಕ್ಕೆ ಎತ್ತಿಕೊಂಡು ತೋಟದ ಕಡೆ ಹೋದಳು. ಅವಳು ಮರೆಯಾಗುವವರೆಗೂ ಮುದುಕಿ ಅತ್ತಲೇ ನೋಡುತ್ತಿದ್ದಳು.

"ಅವ್ಳು ನಮ್ಮ ದಾಸಮ್ಮ" ಎಂದಳು ಚಿಕ್ಕಲಕ್ಷ್ಮಮ್ಮ. "ಅವಳ ಗಂಡ ಗೂಡು ಮಾರಿದ ದುಡ್ನಾಗೆ ಚನ್ನಪಟ್ಣದಲ್ಲಿ ಇನ್ನೊಂದು ಸಂಸಾರ ಮಾಡವ್ನೆ. ಊರ್ಗೆಲ್ಲಾ ಗೊತ್ತು. ಯಾರೂ ಅವ್ಳ ಮುಂದೆ ಎತ್ತಕಿಲ್ಲ. ಸೊಪ್ಪಿನ ತೋಟದಾಗೆ ಕೂತ್ಕಂಡು ಅಳ್ತಾಳೆ. ಯಾರೂ ನೋಡಿಲ್ಲ ಅನ್ಕಂಡವ್ಳೆ. ನಿಮ್ ಕಾಗ್ದದಾಗೆ ಆ ಮಾತು ಐತೆ ಅಂತ ಹೆಣ್ಮಗ ಮೊದ್ಲೇ ಓದಿ ಹೇಳಿತ್ತು. ದಾಸಿ ಸುಳ್ಳು ಹೇಳೋಳಲ್ಲ, ಹೌದು ಅಂದೇ ಅಂತಾಳೆ. ಮರಳವಾಡೀಲಿ ಒಬ್ಳೇ ಒಬ್ಳು ಹೌದು ಅಂದವ್ಳೆ ಅಂತ ಬೆಂಗ್ಳೂರ್ಗಂಟ ಹೋದ್ರೆ ಅವಳ ಮಾನ ಏನಾಯ್ತದೆ? ಅದ್ಕೇ ನಾವೆಲ್ಲಾ ಹೌದು ಅಂದ್ಬುಟ್ವಿ. ಆ ಒಂದು ಮಾತು ಒಂದೇ ಇದ್ರೆ ಅನುಮಾನ ಬಂದಾತು ಅಂತ ಮಿಕ್ಕಿದ್ದಕ್ಕೂ ದಾಸಿ ಏನಂತಾಳೆ ಅಂತ ಕೇಳ್ಕಂಡು ಅದ್ನೇ ಅಂದ್ವಿ."

ಪ್ರಶ್ನಾವಳಿ ಮಡಿಚಿ ಚೀಲಕ್ಕೆ ಹಾಕಿಕೊಂಡೆ. ಸಂಶೋಧನಾ ಕ್ರಮವನ್ನು ಈ ಜನಕ್ಕೆ ಯಾರು ಕಲಿಸುವುದು? ಒಬ್ಬಳನ್ನು ಬಚ್ಚಿಡಲು ಇಡೀ ಪ್ರಶ್ನಾವಳಿಯನ್ನೇ ಹಾಳು ಮಾಡಿದ್ದಾರೆ. ಅದೂ ಎಷ್ಟು ಒಗ್ಗಟ್ಟಿನಿಂದ!

ಹೊರಡುವಾಗ ಮುದುಕಿ, "ಈ ಸುದ್ದಿ ಎಲ್ಲೂ ಆಡಬ್ಯಾಡಿ. ಆಡಿದ್ರೆ ಕಬ್ಬಾಳಮ್ಮನ ಆಣೆ" ಎಂದಳು. ಆಣೆ ಭಾಷೆಗಳಲ್ಲಿ ನನಗೆ ನಂಬಿಕೆಯಿಲ್ಲ. ಆದರೂ ಇಲ್ಲಿ ಬರೆಯಬಾರದಿತ್ತೇನೋ. ಇರಲಿ, ಇದನ್ನು ಓದುವವರಾದರೂ ಯಾರಿದ್ದಾರೆ?

ಮಾರ್ಚ್ 16

ಶಿವಲಿಂಗಮ್ಮನನ್ನು ಸ್ಟಾಫ್ ರೂಮಿಗೆ ಕರೆಸಿದೆ. ಎರಡನೆಯ ಹಾಳೆಗಳನ್ನು ಮುಂದೆ ಹಾಕಿ, ಈ ಹೆಬ್ಬೆಟ್ಟುಗಳು ಯಾರವು ಎಂದು ಕೇಳಿದೆ.

"ಹತ್ತು ಬೆರಳು ನಂದೇ ಸಾರ್. ಮಿಕ್ಕಿದ್ದು ಹಾಸ್ಟೆಲ್ ಹುಡುಗೀರ್ದು."

ಅಳುತ್ತಾಳೆ, ಕಾಲಿಗೆ ಬೀಳುತ್ತಾಳೆ ಎಂದುಕೊಂಡಿದ್ದೆ. ಅವಳು ನೆಟ್ಟಗೆ ನಿಂತು ಹೇಳಿದಳು: "ನಿಜ ತಂದಾಗ ಸುಳ್ಳು ಅಂದ್ರಿ ಸಾರ್. ಸುಳ್ಳು ತಂದಾಗ ಭೇಷ್ ಅಂದ್ರಿ. ಈಗ ಯಾವ್ದು ತರ್ಲಿ ಹೇಳಿ."

ಎಂಥ ಉದ್ಧಟತನ! ಮೊದಲ ಸಲವೇ ಕಾರಣ ಹೇಳಬಹುದಿತ್ತಲ್ಲ ಎಂದೆ.

"ಕ್ಲಾಸಲ್ಲಿ ಹೆಂಗೆ ಹೇಳ್ಲಿ? ದಾಸಮ್ಮ ನಮ್ಮ ಚಿಕ್ಕಮ್ಮ."

ಹೋಗು ಎಂದೆ. ಅಂದು ಅವಳು ಹೇಳಿದ್ದರೆ ನಾನು ಅದನ್ನೂ ಹಿಡಿದು ನಗಿಸುತ್ತಿದ್ದೆ ಎಂದು ಅವಳಿಗೆ ಗೊತ್ತಿದ್ದಿರಬೇಕು. ಅಷ್ಟರಮಟ್ಟಿಗೆ ಹುಡುಗಿ ಮನಶ್ಶಾಸ್ತ್ರ ಕಲಿತಿದ್ದಾಳೆ.

ಮಾರ್ಚ್ 21

ವರ್ಗಾವಣೆಯ ಅರ್ಜಿ ಹಾಕಲು ನಿನ್ನೆಯೇ ಕಡೆಯ ದಿನವಂತೆ. ಪ್ರತಿ ವರ್ಷ ನಾನೇ ಮೊದಲು ಹಾಕುತ್ತಿದ್ದೆ, ಈ ಸಲ ನೆನಪೇ ಆಗಲಿಲ್ಲ. ಆಫೀಸಿನ ಗುಮಾಸ್ತ ಜ್ಞಾಪಿಸಬೇಕಿತ್ತು. ದಂಡಪಿಂಡ.

ಸಂಕಿರಣದ ಪ್ರಬಂಧವನ್ನು ಹರಿದು ಹಾಕಿದೆ. ಹೇಗಿದ್ದರೂ ಅಲ್ಲಿ ಕೇಳಿಸಿಕೊಳ್ಳುವವರಿಗಿಂತ ಊಟಕ್ಕೆ ಬರುವವರೇ ಹೆಚ್ಚು.

ಮಾರ್ಚ್ 30, ಯುಗಾದಿ

ಅಣ್ಣನ ಕಾಗದ ಕಡೆಗೂ ಬಂತು. ಅತ್ತಿಗೆಯ ತವರಿನವರು ಹಬ್ಬಕ್ಕೆ ಬರುತ್ತಾರಂತೆ, ಮನೆ ತುಂಬಿರುತ್ತದಂತೆ, ನಾನು ರಜೆಯಲ್ಲಿ ನಿಧಾನವಾಗಿ ಬಂದರಾಯಿತಂತೆ. ಅಮ್ಮ ಹೋದ ಮೇಲೆ ಆ ಮನೆಯಲ್ಲಿ ನನ್ನ ಚಾಪೆಗೆ ಜಾಗವಿಲ್ಲ ಎಂದು ಇಷ್ಟು ನಯವಾಗಿ ಬರೆಯಲು ಅಣ್ಣನಿಗೆ ಮಾತ್ರ ಸಾಧ್ಯ. ಒಳ್ಳೆಯದೇ ಆಯಿತು, ಬಸ್ಸಿನ ಖರ್ಚು ಉಳಿಯಿತು.

ಫಕ್ರುದ್ದೀನ್ ಸಾಹೇಬರು ಕೆಲಸದವರಿಗೆಲ್ಲ ಹಬ್ಬದ ರಜೆ ಕೊಟ್ಟಿದ್ದಾರೆ. ಬೆಳಗಿನಿಂದ ಒಲೆ ಹಚ್ಚಿಲ್ಲ, ಸದ್ದಿಲ್ಲ. ಅವರ ಮನೆಯಾಕೆ ಖುರ್ಷಿದಾ ಬೀಬಿ ಬಾಳೆಹಣ್ಣು ಕಳಿಸಿ, ಮೇಷ್ಟ್ರು ಊರಿಗೆ ಹೋಗಲಿಲ್ಲವಾ ಎಂದು ಕೇಳಿಸಿದರು. ಕೆಲಸವಿದೆ ಎಂದು ಹೇಳಿಕಳಿಸಿದೆ. ಬೇವು ಬೆಲ್ಲ ಒಬ್ಬನೇ ತಿನ್ನಲು ಏನೋ ಒಂಥರ. ಬರೀ ಬೆಲ್ಲ ತಿಂದೆ.

ಸಂಜೆ ಕೆಳಗಿನ ಒಲೆಯ ಹೊಗೆಗೆ ಕಣ್ಣುರಿ ಹೆಚ್ಚಾಗಿ ಬಹಳ ಹೊತ್ತು ನೀರು ಸುರಿಯಿತು. ಈ ಮನೆ ಬಿಡಬೇಕು.

ಏಪ್ರಿಲ್ 4

ಡ್ರಾಯರಿನಿಂದ ಮೊದಲನೆಯ ಹಾಳೆಗಳನ್ನು ತೆಗೆದು ಶಿವಲಿಂಗಮ್ಮನಿಗೆ ಕೊಟ್ಟೆ. ಇದನ್ನೇ ಬೈಂಡ್ ಹಾಕಿಸು ಎಂದೆ.

"ಪರೀಕ್ಷಕರು ಯಾಕೆ ಹಿಂಗೆ ಅಂತ ಕೇಳಿದ್ರೆ ಏನ್ ಹೇಳ್ಲಿ ಸಾರ್? ಅಜ್ಜಿ ಆಣೆ ಇಕ್ಕವ್ಳೆ."

"ಏನೂ ಹೇಳಬೇಡ."

"ಫೇಲ್ ಮಾಡಿದ್ರೆ?"

ಸುಳ್ಳು ಹಾಳೆಗಳನ್ನೇ ಒಪ್ಪಿಸಿದ್ದರೆ ಫಸ್ಟ್ ಕ್ಲಾಸು ಖಂಡಿತ, ಮೈಸೂರೂ ಖಂಡಿತ. ಅದು ಅವಳಿಗೂ ಗೊತ್ತು. ಆದರೂ ಹಾಳೆಗಳನ್ನು ಎದೆಗವಚಿಕೊಂಡು ಹೋದಳು. ಸುಳ್ಳು ಅಂಕಿಗೆ ಸಹಿ ಹಾಕಿದರೆ ನಾಳೆ ನನ್ನ ಹೆಸರಿಗೇ ಮಸಿ, ಅದಕ್ಕಾಗಿ ಹೀಗೆ ಮಾಡಿದೆ. ಬೇರೆ ಕಾರಣವೇನಿಲ್ಲ. ಪ್ರಮಾಣಪತ್ರಕ್ಕೆ ಸಹಿ ಹಾಕಿಕೊಟ್ಟೆ.

ಏಪ್ರಿಲ್ 16

ಬಾಯಿಮಾತಿನ ಪರೀಕ್ಷೆ ಮುಗಿಯಿತು.

ಬೆಂಗಳೂರಿನ ಪ್ರೊಫೆಸರರು ಬಿಡದಿಯಲ್ಲಿ ತಟ್ಟೆ ಇಡ್ಲಿ ತಿಂದು ತಡವಾಗಿ ಬಂದರು. ಬಂದವರೇ ಮೂಗಿಗೆ ಕರವಸ್ತ್ರ ಹಿಡಿದು, "ಈ ವಾಸನೆಯಲ್ಲಿ ಹೇಗಿದ್ದೀರ್ರೀ?" ಎಂದರು. ಯಾವ ವಾಸನೆ ಎಂದು ಒಂದು ಕ್ಷಣ ನನಗೆ ತಿಳಿಯಲೇ ಇಲ್ಲ. ಬೆಂಗಳೂರಿನವರಿಗೆ ಎಲ್ಲದಕ್ಕೂ ಮೂಗು ಮುರಿಯುವ ಚಟ.

ಮಾಯಣ್ಣ ಯಾರದೋ ಪ್ರಾಜೆಕ್ಟನ್ನು ಹಾಳೆ ಬದಲಿಸದೆ ಒಪ್ಪಿಸಿ ಪಾಸಾದ. ಅವನ ಗ್ರಾಫ್ ಚೆನ್ನಾಗಿದೆಯಂತೆ.

ಶಿವಲಿಂಗಮ್ಮನ ಪುಸ್ತಕ ತೆರೆದು ಪ್ರೊಫೆಸರರು ಹಾಳೆ ತಿರುವಿದರು, ಮತ್ತೆ ತಿರುವಿದರು. ಐದನೆಯದಕ್ಕೆ ಬಂದಾಗ ಕನ್ನಡಕ ಒರೆಸಿಕೊಂಡರು.

"ಏನಮ್ಮಾ ಇದು? ಮೂವತ್ತೂ ಒಂದೇ? ಮನೆಯಲ್ಲಿ ಕೂತು ಬರೆದೆಯಾ?"

"ಇಲ್ಲ ಸಾರ್. ಎಲ್ರುನೂ ಕೇಳಿದ್ದೀನಿ."

"ಹಾಗಾದರೆ ಯಾಕೆ ಹೀಗೆ? ಕಾರಣ ಹೇಳು."

ಅವಳು ಕಿಟಕಿಯ ಕಡೆ ನೋಡಿದಳು. ಹೊರಗೆ ಹೊಂಗೆ ಮರದ ಕೆಳಗೆ ಅವಳಪ್ಪ ಬೋರಲಿಂಗಯ್ಯ ಹೊಸ ಪಂಚೆಯುಟ್ಟು ಕಾಯುತ್ತಿದ್ದುದು ಕಿಟಕಿಯಲ್ಲಿ ಕಾಣುತ್ತಿತ್ತು. ಒಂದು ಮಾತು ಆಡಿದ್ದರೆ ಅವಳು ಪಾಸು. ಆಡಲಿಲ್ಲ. ಪ್ರೊಫೆಸರರು ಕೆಂಪು ಪೆನ್ನಿನ ಮುಚ್ಚಳ ತೆಗೆದು ನನ್ನ ಕಡೆ ತಿರುಗಿದರು.

"ನೀವು ಸಹಿ ಹಾಕಿದ್ದೀರಿ. ಈ ಪ್ರಶ್ನೆ ನೋಡಿ. ಯಾರಿಗೂ ಕಾಣದಂತೆ ಅಳುವುದುಂಟೇ? ಮೂವತ್ತು ಜನವೂ ಹೌದಂತೆ. ತಲೆ ನೆಟ್ಟಗಿರುವ ಯಾವ ಮನುಷ್ಯ ಎದುರಿಗೆ ಕೂತವರಿಗೆ ಇದಕ್ಕೆ ಹೌದು ಅಂತಾನ್ರೀ?"

"ನಾನು ಅಂತೀನಿ ಸಾರ್" ಎಂದೆ.

"ಏನು?"

"ಹೌದು ಅಂತೀನಿ. ಮೂವತ್ತೊಂದು ಅಂತ ಬರೆದುಕೊಳ್ಳಿ. ಸಹಿ ಬೇಕೋ, ಹೆಬ್ಬೆಟ್ಟು ಬೇಕೋ?"

ಯಾಕೆ ಹಾಗೆಂದೆನೋ. ಆ ಮನುಷ್ಯನ ಬಾಯಿ ಮುಚ್ಚಿಸಬೇಕಿತ್ತು, ಅಷ್ಟೆ. ಮುಚ್ಚಿತು. ಪಕ್ಕದಲ್ಲಿ ಕೂತಿದ್ದ ಪ್ರಿನ್ಸಿಪಾಲರು ಕೆಮ್ಮಿದರು. ಪ್ರೊಫೆಸರರು ತಮಾಷೆಯೇ ಎಂದು ಕೇಳಲು ಹೊರಟು, ನನ್ನ ಮುಖ ನೋಡಿ, ಕೆಂಪು ಪೆನ್ನಿನ ಮುಚ್ಚಳ ಹಾಕಿದರು. ಪುಸ್ತಕ ಮುಚ್ಚಿ, ಪಾಸಾಗುವಷ್ಟಕ್ಕಿಂತ ಒಸಿ ಜಾಸ್ತಿಯೇ ಅಂಕ ಹಾಕಿ ಮುಂದಿನವರನ್ನು ಕರೆದರು.

ಶಿವಲಿಂಗಮ್ಮ ವರಾಂಡದಲ್ಲಿ ಕಾದಿದ್ದಳು. ಕಣ್ಣು ಒರೆಸಿಕೊಂಡು, ನಗುತ್ತಾ ಹೇಳಿದಳು: "ನಮ್ಮೂರ್ ಹೆಂಗಸ್ರು ತರಾನೇ ನೀವೂ ನನಗೋಸ್ಕರ ಎಂಥಾ ಸುಳ್ಳು ಹೇಳ್ಬುಟ್ರಿ ಸಾರ್!"

ಸರಿ, ಹೋಗು, ನಿಮ್ಮಪ್ಪ ಕಾಯುತ್ತಿದ್ದಾರೆ ಎಂದೆ.

ಮೂರು ವರ್ಷ ಮನಶ್ಶಾಸ್ತ್ರ ಓದಿದ ಹುಡುಗಿ. ಎದುರಿಗೆ ನಿಂತವನ ಮುಖ ನೋಡಿ ಯಾವುದು ಸುಳ್ಳು, ಯಾವುದು ನಿಜ ಎಂದು ತಿಳಿಯದು. ಅವಳಿಗೆ ಕೊಟ್ಟ ಅಂಕ ಜಾಸ್ತಿಯೇ ಆಯಿತು.